ಸಸಿಮಡಿಗೆ ಸುರಿದ ನೀರು

ಬಸಣ್ಣ,

ಮುಲುಂಡಿನ ಹಿಂದಿನ ಗುಡ್ಡದಲ್ಲಿ ವಾರ್ಲಿ ಆದಿವಾಸಿ ಜನ ಕಲ್ಲು ಜೋಡಿಸಿ ಕಟ್ಟಿದ ಭತ್ತದ ಮೆಟ್ಟಿಲುಗದ್ದೆಗಳಲ್ಲಿ ಬಿಲ್ಡರನೊಬ್ಬ 'ಖಾಲಿ ಜಾಗ' ಎಂದು ಬೋರ್ಡ್ ನೆಟ್ಟಿದ್ದಾನೆ. ಇದು ಅನ್ಯಾಯ. ಇಷ್ಟು ಮಾತ್ರ ನನಗೆ ಖಚಿತ, ಮಿಕ್ಕಿದ್ದೆಲ್ಲ ಗೋಜಲು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಕುರ್ಲಾದ ನಮ್ಮ ಚಾಳಿನ ಗ್ಯಾಲರಿಯಲ್ಲಿ ನಾನು ಬಡವರ ಪರವಾಗಿ ಬರೆದ ಕರಪತ್ರ ಓದಿ ಹೇಳುವಾಗ ನೀನು ಕಾಲಿಗೆ ಹತ್ತಿದ ಸಿಮೆಂಟ್ ಉಜ್ಜಿಕೊಳ್ಳುತ್ತ, "ಭಾಳ ಚಲೋ ಐತಿ ತಮ್ಮಾ. ಆದ್ರ ಆ ಮಂದೀನ್ನ ಒಮ್ಮೆರ ಕೇಳೀಯೇನು?" ಅನ್ನುತ್ತಿದ್ದೆ. ನನಗೆ ಸಿಟ್ಟು ಬರುತ್ತಿತ್ತು. ನೀನು ತೀರಿಹೋದ ಮೇಲೆ, ಕೇಳೋಣವೆಂದೇ ಗುಡ್ಡ ಹತ್ತಿದೆ.

ಹತ್ತಿದವನು ಕೇಳಿದೆನೇ? ಮೇಲಿನ ಗದ್ದೆಯಲ್ಲಿ ಹೊಗೆ ಕಂಡಿತು. ಬಿಲ್ಡರನ ಕಡೆಯವರೇ ಬೆಂಕಿ ಇಟ್ಟರೆಂದು ಓಡಿ, ಗುಡಿಸಲ ಮುಂದಿದ್ದ ಎರಡು ಕೊಡ ನೀರನ್ನೂ ಸುರಿದುಬಿಟ್ಟೆ. ಬೆಂಕಿ ಇಟ್ಟವಳು ಗದ್ದೆಯ ಒಡತಿ ಜಾನಕಿ ಆಜಿಯೇ. ಮಳೆಗೆ ಮುಂಚೆ ಸಸಿಮಡಿಯ ಮೇಲೆ ತರಗೆಲೆ, ಸಗಣಿ ಹರಡಿ ಸುಟ್ಟು, ಆ ಬೂದಿಯಲ್ಲೇ ಬೀಜ ಬಿತ್ತುತ್ತಾರಂತೆ.

"ಅರೇ ಲೀಡರ್, ಇಷ್ಟು ನುಕ್ಸಾನ್ ಬಿಲ್ಡರ್ ಕೂಡ ಮಾಡಿಲ್ಲವಲ್ಲೋ," ಎಂದು ಆಜಿ ನಕ್ಕಳು. ಸೊಸೆ ಮೀನಾ ನಗಲಿಲ್ಲ. ಕೆಳಗಿನ ರಸ್ತೆಯ ನಲ್ಲಿಯಿಂದ ಆ ನೀರು ಹೊತ್ತು ತಂದವಳು ಅವಳು. ಖಾಲಿ ಕೊಡವೊಂದನ್ನು ನನ್ನ ಕೈಗಿಟ್ಟು, "ಚಲ್" ಎಂದಳು.

ತುಂಬಿದ ಕೊಡ ಹೊತ್ತು ಏರುವಾಗ ನಾನು ಏದುತ್ತಿದ್ದೆ, ಅವಳು ಮಾತಾಡುತ್ತಿದ್ದಳು. "ಬಿಲ್ಡಿಂಗ್ ಆದರೆ ನಮಗೂ ಅದರಲ್ಲಿ ಮನೆ ಕೊಡುತ್ತಾರಂತೆ, ಮನೆಯೊಳಗೇ ನಲ್ಲಿ. ಬೇಡ ಅನ್ನಲು ನೀನ್ಯಾರು, ಭಾಯಿ?"

ಆಜಿ ಮೇಲಿನಿಂದಲೇ ಕೂಗಿದಳು: "ನಲ್ಲಿ ತಿರುಗಿಸಿದರೆ ಅಕ್ಕಿ ಬರುತ್ತದೇನೇ?"

"ಅಕ್ಕಿ ರೇಶನ್ನಿನಲ್ಲಿ ಬರುತ್ತದೆ, ಆಯಿ. ನೀರು ನನ್ನ ತಲೆಯ ಮೇಲೆ ಬರುತ್ತದೆ."

ಗದ್ದೆ ಉಳಿಸಿ ಎಂಬ ನನ್ನ ಕರಪತ್ರದಲ್ಲಿ ಆಜಿ ಇದ್ದಳು, ಬಸಣ್ಣ. ಮೀನಾ ಇರಲಿಲ್ಲ. ಗದ್ದೆಯೂ ಉಳಿಯಲಿ, ನಲ್ಲಿಯೂ ಬರಲಿ ಎಂದರೆ ಅತಿಯಾಸೆಯೇ? ಕೇಳಿದರೆ ಕೊಡುವವರು ಯಾರು? ಅಷ್ಟೊಂದು ಬಿಲ್ಡಿಂಗುಗಳಿಗೆ ಸ್ಲ್ಯಾಬ್ ಹಾಕಿದ ನೀನೇ ಕೊನೆಯವರೆಗೆ ಚಾಳಿನ ನಲ್ಲಿಯ ಮುಂದೆ ಬಕೆಟ್ ಹಿಡಿದು...

ಗದ್ದೆ ಬಿಡುವುದೋ ಬೇಡವೋ ಎಂದು ಅವರ ಪಾಡಾದ, ಆ ಪುಟ್ಟ ಕೇರಿಯ, ಎಲ್ಲ ಮನೆಯವರೂ ಕೂತು ತೀರ್ಮಾನಿಸುತ್ತಾರೆ. ಬೋರ್ಡಿನ ವಿರುದ್ಧದ ಅರ್ಜಿಯಲ್ಲಿ ನಲ್ಲಿಯ ಮಾತನ್ನು ಮೊದಲು ಬರೆದು ತಂದರೆ, ಸಹಿ ಹಾಕುವುದನ್ನು ಯೋಚಿಸುತ್ತೇನೆ ಎಂದಿದ್ದಾಳೆ ಮೀನಾ. ಯೋಚಿಸುತ್ತಾಳೆ, ಅಷ್ಟೆ. ಬರೆದಿದ್ದೇನೆ. ಆ ಸಭೆಯಲ್ಲಿ ಆಜಿ, ಮೀನಾ ಇಬ್ಬರಲ್ಲಿ ಯಾರ ಪಕ್ಕದಲ್ಲಿ ಕೂರಬೇಕೆಂದು ಮಾತ್ರ ಇನ್ನೂ ತಿಳಿದಿಲ್ಲ.

ಬರುವ ಭಾನುವಾರ, ಬೆಳಿಗ್ಗೆ ಎಂಟು ಗಂಟೆ, ಪಾಡಾದ ಹುಣಸೆಮರದ ಕೆಳಗೆ. ನೀನೂ ಬಾ.