ಸವಾರಿ ಪರೀಕ್ಷೆ

೫ ಅಕ್ಟೋಬರ್ ೧೯೭೧, ಪ್ಲಿಮತ್

ಮತ್ತೆ ಸಾರು ಉಕ್ಕಿಸಿದೆ. ನಿರಂಜನ್ ಬಾಗಿಲಲ್ಲೇ ಮುತ್ತು ಕೊಟ್ಟು ಆಸ್ಪತ್ರೆಗೆ ಓಡಿದ. ಒಲೆಯ ನೆನಪು ಯಾರಿಗೆ! ಮದುವೆಯಾಗಿ ಇಷ್ಟು ತಿಂಗಳಾದರೂ ಹೀಗೇ. ಮೈ ಡಾರ್ಲಿಂಗ್ ಡಾಕ್ಟರ್!

ಮಾವ ಮೈಸೂರಿನಿಂದ ಬಂದು ವಾರವಾಯಿತು. ಪದ್ಮನಾಭರಾಯರು, ರಿಟೈರ್ಡ್ ಇಂಗ್ಲಿಷ್ ಪ್ರೊಫೆಸರ್. ಮನೆಯೊಳಗೂ ಟೈ! ಸೇಬಿನ ತೋಟ ತೋರಿಸಲು ನಾನೇ ಡ್ರೈವ್ ಮಾಡಿಕೊಂಡು ಹೋದೆ. ದಾರಿಯಲ್ಲೊಂದು ಕುದುರೆ ಲಾಯ. "ನಿಲ್ಸಮ್ಮ ಒಂದ್ನಿಮಿಷ" ಅಂದರು. ಇಳಿದು ಬೇಲಿ ಹಿಡಿದು ನಿಂತೇಬಿಟ್ಟರು.

ಆಮೇಲೆ ಹೇಳಿದರು — ಮಗನಿಗೂ ಹೇಳದ್ದು! ಬ್ರಿಟಿಷರ ಕಾಲದಲ್ಲಿ ಐಸಿಎಸ್ ಬರೆದು ಆಯ್ಕೆಯಾಗಿದ್ದರಂತೆ. ಲಂಡನ್ನಿನಲ್ಲಿ ಒಂದು ವರ್ಷ ತರಬೇತಿ. ಕೊನೆಯಲ್ಲಿ ಕುದುರೆ ಸವಾರಿ ಪರೀಕ್ಷೆ. ಬಿದ್ದರು. ಮತ್ತೊಂದು ಅವಕಾಶ ಕೊಟ್ಟರು. ಮತ್ತೆ ಬಿದ್ದರು. ಹುದ್ದೆ ಹೋಯಿತು. ಊರಿಗೆ ಬಂದು, ಲಂಡನ್ನಿನ ಹವೆ ಒಗ್ಗಲಿಲ್ಲ ಅಂದುಬಿಟ್ಟರಂತೆ.

"ಕಾನೂನು, ಚರಿತ್ರೆ, ಎಲ್ಲದ್ರಲ್ಲೂ ಪಾಸು ಕಣಮ್ಮ. ಆ ಕುದುರೆಗೆ ಮಾತ್ರ ನಾನು ಹಿಡಿಸ್ಲಿಲ್ಲ."

ಹೌ ಥ್ರಿಲ್ಲಿಂಗ್! ನನ್ನ ಮಾವ ಆಲ್ಮೋಸ್ಟ್ ಕಲೆಕ್ಟರ್!

೮ ಅಕ್ಟೋಬರ್

ಮಾವ ಕುದುರೆ ಮೇಲೆ!! ಕಂದು ಬಣ್ಣದ ಮುದಿ ಹೆಣ್ಣು ಕುದುರೆ, ಹೆಸರು ಜಿಂಜರ್. ಲಾಯದ ಒಡತಿ ಲಗಾಮು ಹಿಡಿದು ನಡೆಸಿದಳು. ಐಡಿಯಾ ನನ್ನದೇ.

"ನಿರಂಜನನಿಗೆ ಹೇಳ್ಬೇಡ. ಹಾರ್ಟು, ಹಾರ್ಟು ಅಂತ ತಲೆ ತಿಂತಾನೆ."

ಪ್ರಾಮಿಸ್ ಮಾಡಿದೆ. ಹೃದಯಕ್ಕೆ ಮಾತ್ರೆ ನುಂಗುವುದು ನಿಜ. ಆದರೆ ಆ ಮುಖದ ಖುಷಿ!

ನಾನು ಬೇಲಿ ಏರಿ ಕೂತು, ನಮ್ಮ ಕಾನ್ವೆಂಟ್ ಮದರ್ ದನಿಯಲ್ಲಿ ಕೂಗಿದೆ: "ನೆಕ್ಸ್ಟ್ ಕ್ಯಾಂಡಿಡೇಟ್!"

"ಯೆಸ್ ಸರ್!" ಅಂದರು, ನಾನೇ ಲಂಡನ್ನಿನ ಪರೀಕ್ಷಕ ಸಾಹೇಬನೆಂಬಂತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

೧೯ ಅಕ್ಟೋಬರ್

ಈಗ ಒಬ್ಬರೇ ಓಡಿಸುತ್ತಾರೆ. ಇವತ್ತು ತಮಾಷೆಗೆ "ಫೇಲ್!" ಅಂದೆ. ನಗಲಿಲ್ಲ. ಕುದುರೆಯಿಂದಿಳಿದು ನೆಟ್ಟಗೆ ನಿಂತರು. "ಯಾವ ತಪ್ಪಿಗೆ, ಸರ್?"

ರಾತ್ರಿ ಊಟಕ್ಕೆ ಕೂತಾಗ ನನ್ನ ಕಡೆ ತಿರುಗಿ, "ಉಪ್ಪು, ಸರ್" ಅಂದರು.

ನಿರಂಜನ್ ನಕ್ಕ. "ಏನ್ರಪ್ಪ, ಅತ್ತೆ-ಸೊಸೆ ಜಗಳ ಕೇಳಿದೀನಿ. ಇದ್ಯಾವ ನಾಟಕ?"

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನೂ ನಕ್ಕೆ. ಸ್ವಲ್ಪ ಜೋರಾಗಿಯೇ ನಕ್ಕೆನೇನೋ.

೨೮ ಅಕ್ಟೋಬರ್

ಬಿದ್ದರು. ಮಂಡಿ ನೀಲಿಗಟ್ಟಿದೆ. ಬಾತ್‌ಟಬ್‌ನಲ್ಲಿ ಜಾರಿದೆ ಅಂತ ಮಗನಿಗೆ ಹೇಳಿದರು, ನಾನು ಹೂಂಗುಟ್ಟಿದೆ.

ಲಾಯದಲ್ಲೇ ಅಂದಿದ್ದೆ, "ಮಾವ, ನೀವು ಪಾಸ್. ಫಸ್ಟ್ ಕ್ಲಾಸ್. ಇನ್ನು ಸಾಕು."

"ಅಯ್ಯೋ ಪಾಪ ಅನ್ನೋ ಪಾಸು ನಂಗೆ ಬೇಡ. ಕಾಲಿಡೋ ರಿಕಾಪು ಇಲ್ದೆ ಅಡ್ಡಗಂಬ ಹಾರ್ಬೇಕು. ನಾನು ಬಿದ್ದಿದ್ದು ಅಲ್ಲೇ."

"ಅದೆಲ್ಲ ಯಾರಿಗೆ ಬೇಕು ಈಗ? ಐಸಿಎಸ್ಸೇ ಇಲ್ವಲ್ಲ!"

"ನಾನಿದೀನಲ್ಲ."

೨ ನವೆಂಬರ್

ಇವತ್ತು ಹೇಳಿಯೇಬಿಡೋಣ ಅಂದುಕೊಂಡೆ. ನಿರಂಜನ್ ಡ್ಯೂಟಿ ಮುಗಿಸಿ ಬಂದವನೇ ನನ್ನ ಮಡಿಲಲ್ಲಿ ನಿದ್ದೆ ಹೋದ. ಎಬ್ಬಿಸಲು ಮನಸ್ಸಾಗಲಿಲ್ಲ. ಎಷ್ಟು ಮೆತ್ತಗಿನ ಕೂದಲು…

ಪಕ್ಕದ ಕೋಣೆಯಲ್ಲಿ ಮಾವನ ದನಿ. ಒಬ್ಬರೇ, ಇಂಗ್ಲಿಷಿನಲ್ಲಿ, ಯಾರಿಗೋ ಉತ್ತರ ಕೊಡುತ್ತಿದ್ದರು.

೯ ನವೆಂಬರ್, ಬೆಳಗ್ಗೆ, ಲಾಯದ ಮುಂದೆ ಕಾರಿನಲ್ಲಿ

ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಹುಲ್ಲೆಲ್ಲ ಹೆಪ್ಪುಗಟ್ಟಿ ಬೆಳ್ಳಗಿದೆ. ಕರೆದುಕೊಂಡು ಬರುವುದಿಲ್ಲ ಅಂದೆ. ಹಾಗಾದರೆ ನಡೆದೇ ಹೋಗುತ್ತೇನೆ ಅಂತ ಮಾವ ಹೊರಟೇಬಿಟ್ಟರು. ಕಾರು ತೆಗೆಯಲೇಬೇಕಾಯಿತು. ಲಾಯದ ಒಡತಿ ಮೇವು ತರಲು ಹೋಗಿದ್ದಾಳೆ. ಮಾವನಿಗೀಗ ಜಿಂಜರ್ ಅಭ್ಯಾಸ ಅಂತ ಅವಳ ನಂಬಿಕೆ.

ನಾನು ಪರೀಕ್ಷೆ ಮಾಡುವುದಿಲ್ಲ, ಇಳಿಯುವುದೂ ಇಲ್ಲ, ಸಂಜೆ ನಿರಂಜನ್‌ಗೆ ಎಲ್ಲ ಹೇಳುತ್ತೇನೆ ಅಂದೆ.

"ಸಂಜೆ ತಾನೆ? ಹೇಳು. ನೀನಿಲ್ಲೇ ಕೂತಿರಮ್ಮ. ಇವತ್ತು ಸಾಹೇಬರು ಬೇಡ."

ತುಂಬ ದಿನದ ಮೇಲೆ ಅಮ್ಮ ಅಂದರು. ಅದಕ್ಕೇ ಸುಮ್ಮನೆ ಕೂತೆ.

ಲಾಯದ ಹಿಂದೆ ಗೊರಸಿನ ಸದ್ದು. ಚೆನ್ನಾಗಿ ಓಡಿಸುತ್ತಿದ್ದಾರೆ. ಒಂದು ಸುತ್ತು, ಮತ್ತೊಂದು. ಜೋರಾಯಿತು.

ನಿಂತಿತು. ಹಾರಿದರೋ ಏನೋ! ಈಗ ಕೂಗುತ್ತಾರೆ. ಕೂಗಲಿ, ಓಡಿಹೋಗಿ ತಬ್ಬಿಕೊಳ್ಳುತ್ತೇನೆ, ಪಾಸ್ ಪಾಸ್ ಅಂತ ಕುಣಿಯುತ್ತೇನೆ…

ಜಿಂಜರ್ ಬರುತ್ತಿದೆ. ನಿಧಾನವಾಗಿ, ಲಗಾಮು ನೆಲಕ್ಕೆ ಎಳೆದುಕೊಂಡು. ಕಾರಿನ ಪಕ್ಕದಲ್ಲೇ ಬಂದು ನಿಂತಿದೆ. ಅದರ ಉಸಿರಿಗೆ ಕಿಟಕಿಯ ಗಾಜೆಲ್ಲ ಮಬ್ಬಾಯಿತು. ಒರೆಸಿ ನೋಡಿದೆ. ಜೀನಿನ ಮೇಲೆ ಯಾರೂ ಇಲ್ಲ