ಕೀರ್ತನ್ ಕೇಳಿದ ಕಾರಿನ ವಿಷಯ

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
೨೬ ಜನವರಿ ೨೦೧೯, ಶನಿವಾರ

ಚಿ. ಸೌ. ಅಶ್ಮಿತಾಳಿಗೆ,

ನಿನ್ನ ಮಾವ ಕೊರಗಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ಅತ್ತೆ ಲೋಲಾಕ್ಷಿಯೂ ಕ್ಷೇಮ. ಎಡ್ಮಂಟನ್ನಿನ ಹಿಮದಲ್ಲಿ ನೀನು, ಕೀರ್ತನ್, ನಮ್ಮ ತೃಷಾ ಮೂವರೂ ಬೆಚ್ಚಗಿದ್ದೀರಿ ಎಂದುಕೊಂಡಿದ್ದೇನೆ. ಹೊಸ ವರ್ಷಕ್ಕೇ ಬರೆಯಬೇಕೆಂದಿದ್ದೆ. ತಡವಾಯಿತು, ಬೇಸರ ಮಾಡಬೇಡ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬಹುದು ನೀನು. ಫೋನಿನಲ್ಲಿ ಮಾತಾಡುವಾಗ ಲೋಲಾಕ್ಷಿ ಪಕ್ಕದಲ್ಲೇ ಇರುತ್ತಾಳೆ. ಅವಳ ಎದುರು ಕೆಲವು ಮಾತು ಹೇಳಲು ನನಗಾಗುವುದಿಲ್ಲ.

‘ಚಿ. ಸೌ.’ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು ಮಗಾ. ನಮ್ಮ ಮಗ ಪೃಥ್ವಿ ಹೋದ ಮೇಲೆ ಅದನ್ನು ಮತ್ತೆ ನಿನ್ನ ಹೆಸರಿನ ಮುಂದೆ ಬರೆಯುವ ದಿನ ಬರುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಕೀರ್ತನ್ ನಿನ್ನ ಕೈಹಿಡಿದ ಮೇಲೆ ಬಂತು. ನಮಗೆ ಅದರ ಸಂತೋಷ ಸಣ್ಣದಲ್ಲ.

ಈಗ ಕೀರ್ತನ್ ಕೇಳಿದ ಕಾರಿನ ವಿಷಯ. ಅವನಿಗೆ ಇಷ್ಟು ಓದಿ ಹೇಳು. ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಈ ಹೈಬ್ರಿಡ್ ಕಾರು ಧಾರಾಳವಾಗಿ ತೆಗೆದುಕೊಳ್ಳಬಹುದು. ನಮ್ಮದರಲ್ಲಿ ನನಗೆ ಪೂರ್ತಿ ಸಮಾಧಾನ ಉಂಟು. ಬೇಸಗೆಯಲ್ಲಿ ಏಸಿ ಜೋರಾಗಿ ಓಡುವಾಗ ಲೀಟರಿಗೆ ಹದಿನಾರು ಕಿಲೋಮೀಟರ್ ಕೊಡುತ್ತದೆ. ಚಳಿಗಾಲದಲ್ಲಿ ಏಸಿ ಬೇಡ, ಗಾಜು ಇಳಿಸಿ ಹೋದರೆ ಇಪ್ಪತ್ತು ದಾಟುತ್ತದೆ. ಕೆಳಗಿನ ಮಹಡಿಯ ಅಲಿಕುಂಞಿ ಮೊನ್ನೆ, “ಎಂತ ಕೊರಗಪ್ಪಣ್ಣ, ಪೆಟ್ರೋಲ್ ಪಂಪಿನವರ ಹತ್ತಿರ ಜಗಳವಾ? ಆ ಕಡೆ ನಿಮ್ಮನ್ನು ಕಾಣುವುದೇ ಇಲ್ಲ” ಎಂದು ತಮಾಷೆ ಮಾಡಿದ. ಹಿಂದಿನ ಸೀಟಿನ ಬದಿಯಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಇರುತ್ತದೆ. ಅದರ ಮೇಲೆ ಜಾಕೆಟು, ಚೀಲ ಇಡಬಾರದು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಲೂಬಾರದು. ಅದು ನನಗೆ ಹೇಗೆ ಗೊತ್ತಾಯಿತೆಂದು ನಿನಗೆ ಗೊತ್ತೇ ಇದೆ.

ಪೃಥ್ವಿ ದುಬೈಯ ಆಫೀಸಿನಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಹೃದಯ ನಿಂತು ಹೋದವನು. ಈಗ ನಾನು ಓಡಿಸುವ ಅವನ ಕಾರು ಆಫೀಸಿನ ಬೇಸ್‌ಮೆಂಟಿನಲ್ಲೇ ನಿಂತಿತ್ತು. ಅವನ ವೀಸಾದ ಮೇಲೆ ಇದ್ದ ನೀನೂ ಮಗು ತೃಷಾಳೂ ಊರಿಗೆ ಹೋಗಲೇಬೇಕಾಯಿತು. ಕೋರ್ಟಿನ ಕಾಗದಪತ್ರ ಎಲ್ಲ ಮುಗಿದು ಕಾರು ನನ್ನ ಹೆಸರಿಗೆ ಬರುವಾಗ ಬೇಸಗೆ ಶುರುವಾಗಿತ್ತು. ಹೋಗಿ ನೋಡಿದರೆ ಮೇಲೆ ಬೆರಳು ಮುಳುಗುವಷ್ಟು ಧೂಳು, ಬಾಗಿಲೇ ತೆರೆಯುವುದಿಲ್ಲ. ಚಿಕ್ಕ ಬ್ಯಾಟರಿ ಪೂರ್ತಿ ಇಳಿದಿತ್ತು. ಅಲಿಕುಂಞಿ ವೈರು ತಂದು ಅವನ ಗಾಡಿಯಿಂದ ಕರೆಂಟ್ ಕೊಟ್ಟ. ನಾನಂತೂ ಮಾರುವ ಅಂದೆ. ಲೋಲಾಕ್ಷಿ ಮಗುವಿನ ಸೀಟಿನ ಪಕ್ಕ ಹತ್ತಿ ಕೂತವಳು, “ಮಾರುವುದಾದರೆ ನನ್ನನ್ನೂ ಸೇರಿಸಿ ಮಾರಿ” ಎಂದಳು. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ನನಗೆ ಈ ಕಾರು ಪಳಗಲು ಸಮಯ ಹಿಡಿಯಿತು. ಪೃಥ್ವಿ ಮೀಟರಿನಲ್ಲಿ ಹಸಿರು ದೀಪ ಆರದ ಹಾಗೆ ಪೆಡಲನ್ನು ಹೂವಿನ ಹಾಗೆ ಒತ್ತುತ್ತಿದ್ದ. “ಪಪ್ಪಾ ನೋಡಿ, ಪೆಟ್ರೋಲು ಮುಟ್ಟದೆ ಹೋಗ್ತಾ ಉಂಟು” ಅನ್ನುತ್ತಿದ್ದ. ನನ್ನದು ಮೂವತ್ತು ವರ್ಷ ಕಂಪನಿಯ ಪಿಕಪ್ ಓಡಿಸಿದ ಕಾಲು. ಈಗೀಗ ನನಗೂ ಬಂದಿದೆ. ಶುಕ್ರವಾರ ಬೆಳಿಗ್ಗೆ ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಹೋಗುವಾಗ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಇಂಜಿನ್ ಏಳದ ಹಾಗೆ ಹೋಗುತ್ತೇನೆ. ಬಂಗುಡೆ ಕೊಂಡು, ಅಲ್ಲಿಯೇ ಕ್ಲೀನ್ ಮಾಡಿಸಿ ಬರುತ್ತೇವೆ. ಕಾರಿಗೆ ವಾಸನೆ ಹಿಡಿಯಬಾರದೆಂದು ಲೋಲಾಕ್ಷಿ ಕಟ್ಟನ್ನು ತನ್ನ ಕಾಲ ಹತ್ತಿರ ಇಟ್ಟುಕೊಳ್ಳುತ್ತಾಳೆ.

ಚಳಿಗಾಲದಲ್ಲಿ ಹೇಗೆ ಓಡುತ್ತದೆ ಎಂದೂ ಕೀರ್ತನ್ ಕೇಳಿದ್ದ. ನಿಮ್ಮ ಚಳಿಗಾಲಕ್ಕೂ ನಮ್ಮದಕ್ಕೂ ಎಲ್ಲಿಂದೆಲ್ಲಿಗೆ! ಹಿಮದ ಬಗ್ಗೆ ನಾನು ಏನು ಹೇಳಲಿ? ಅಲ್ಲಿ ಹೀಟರಿಗಾಗಿ ಇಂಜಿನ್ ಓಡುತ್ತಲೇ ಇರಬೇಕಾದೀತು, ಆಗ ಮೈಲೇಜ್ ಇಷ್ಟು ಬರಲಿಕ್ಕಿಲ್ಲ. ನಮ್ಮ ಚಳಿಗಾಲ ಅಂದರೆ ಮಂಜು. ಈ ತಿಂಗಳ ನಾಲ್ಕನೇ ತಾರೀಕು, ಪೃಥ್ವಿ ಹೋಗಿ ಮೂರು ವರ್ಷ ತುಂಬಿದ ದಿನ, ಬರ್ ದುಬೈಯ ದೇವಸ್ಥಾನಕ್ಕೆಂದು ನಾವಿಬ್ಬರೂ ಬೆಳಿಗ್ಗೆ ಹೊರಟಿದ್ದೆವು. ಊರು ದಾಟಿದ್ದೇ ಮಂಜು ಹೇಗೆ ಇಳಿಯಿತೆಂದರೆ ನಮ್ಮ ಕಾರಿನ ಮೂತಿಯೇ ನಮಗೆ ಕಾಣದು. ಎದುರಿನ ಲಾರಿಯ ಕೆಂಪು ದೀಪ ಒಮ್ಮೆ ಉಂಟು, ಒಮ್ಮೆ ಇಲ್ಲ. ಲೋಲಾಕ್ಷಿ ಒಂದೇ ಸಮ, “ನಿಧಾನ, ನಿಧಾನ” ಅನ್ನುತ್ತಿದ್ದಳು. ಹೇಗೋ ಒಂದು ಪೆಟ್ರೋಲ್ ಪಂಪಿನ ಬೆಳಕು ಹಿಡಿದು ಒಳಗೆ ತಿರುಗಿಸಿದೆ.

ಅಲ್ಲಿ ನಿಂತೆವು. ಸುತ್ತ ಬಿಳಿ, ಒಳಗೆ ನಾವಿಬ್ಬರು. ಈ ಕಾರು ನಿಂತರೆ ಸದ್ದೇ ಇಲ್ಲವಲ್ಲ, ಅವಳು ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು, “ಜೀವ ಉಂಟಾ ಇದಕ್ಕೆ?” ಎಂದು ಕೇಳಿದಳು.

“ಉಂಟು. ಮಾತಾಡುವುದಿಲ್ಲ, ಅಷ್ಟೆ” ಅಂದೆ.

ಆಮೇಲೆ ಅವಳು ತುಂಬ ಹೊತ್ತು ಅತ್ತಳು. ಮನೆಯಲ್ಲಿ ಅವಳು ಅಳುವುದಿಲ್ಲ. ಗೋಡೆಗಳು ತೆಳು, ಪಕ್ಕದ ಕೋಣೆಯ ಬಾಡಿಗೆಯವರಿಗೆ ಕೇಳುತ್ತದೆ ಅನ್ನುತ್ತಾಳೆ. ನಾನು ಅವಳ ಕೈ ಹಿಡಿದು ಕೂತೆ. ಅಳು ನಿಂತ ಮೇಲೆ ಮುಖ ಒರೆಸಿ, “ಅಲ್ಲಿ ಈಗ ರಾತ್ರಿ ಊಟದ ಹೊತ್ತು, ಮಗು ಎದ್ದಿರುತ್ತದೆ” ಎಂದು, ಪ್ರತಿ ಶುಕ್ರವಾರ ನಿನ್ನೊಡನೆ ಬರೇ ಮಾತಾಡುವವಳು, ಆ ದಿನ ಮೊದಲ ಸಲ ನಿಮಗೆ ವಿಡಿಯೋ ಕಾಲ್ ಹಚ್ಚಿದಳು. ನೀನು ಅಡಿಗೆಮನೆಯಲ್ಲಿದ್ದೆಯಂತೆ, ಕೀರ್ತನ್ ಎತ್ತಿದ. ಎಷ್ಟು ಒಳ್ಳೆಯ ಹುಡುಗ! “ಮಾವ” ಎಂದೇ ಕರೆದ ನನ್ನನ್ನು. ನಾವು ಕಾರಿನಲ್ಲಿರುವುದನ್ನು ನೋಡಿ ಮೈಲೇಜು, ಚಳಿಗಾಲ ಎಂದು ಕೇಳಿದ್ದು ಆಗಲೇ. ಉತ್ತರ ಹೇಳುವ ಮೊದಲೇ ಫೋನ್ ಕಟ್ಟಾಯಿತು. ಬಿಸಿಲೇರಿ ಮಂಜು ಕರಗಿದ ಮೇಲೆ ನಾವು ದುಬೈಗೆ ಹೋಗದೆ ಮನೆಗೆ ತಿರುಗಿದೆವು.

ನಿನಗೆ ಮತ್ತೊಂದು ಮದುವೆಯಾಗಬೇಕೆಂದು ನಾನು ಕಾರ್ಕಳಕ್ಕೆ ಬಂದು ನಿನ್ನ ಅಪ್ಪನ ಎದುರು ಹೇಳಿದಾಗ ನೀನು ಎದ್ದು ಒಳಗೆ ಹೋಗಿದ್ದೆ. ಮದುವೆಯ ದಿನ ನಾವು ಬರಲಿಲ್ಲವೆಂದು ಈಗಲೂ ನಿನಗೆ ನೋವಿರಬಹುದು. ರಜೆ ಸಿಗಲಿಲ್ಲವೆಂದು ಹೇಳಿದ್ದು ಸುಮ್ಮನೆ. ಆ ದಿನ ಎಲ್ಲರ ಕಣ್ಣು ನಿನ್ನ ಮೇಲಿರಬೇಕಿತ್ತು, ನಮ್ಮ ಮೇಲಲ್ಲ. ಲೋಲಾಕ್ಷಿ ಇಲ್ಲಿ ಪಾಯಸ ಮಾಡಿ ಅಲಿಕುಂಞಿಯ ಮನೆಗೂ ಕೊಟ್ಟಳು. ಏನು ವಿಶೇಷ ಎಂದದ್ದಕ್ಕೆ, “ನಮ್ಮ ಮಗಳ ಮದುವೆ” ಎಂದಳು.

ಮುಂದಿನ ವರ್ಷ ನನ್ನ ಕೆಲಸ ಮುಗಿಯುತ್ತದೆ. ವೀಸಾ ಖಲಾಸ್. ಆಗ ಕಾರನ್ನೂ ಬಿಟ್ಟು ಹೋಗಬೇಕು. ಅದನ್ನು ನಿನ್ನ ಅತ್ತೆಗೆ ಇನ್ನೂ ಹೇಳಿಲ್ಲ.

ಹಿಮದಲ್ಲಿ ಕೀರ್ತನ್ ಜಾಗ್ರತೆಯಾಗಿ ಓಡಿಸಲಿ, ವೇಗ ಬೇಡ. ನಿಮ್ಮ ಸಂಸಾರ ತಂಪಾಗಿರಲಿ, ದೇವರು ನಿಮ್ಮ ಮೂವರಿಗೂ ದೀರ್ಘಾಯುಸ್ಸು ಕೊಡಲಿ.

ಇಂತು ನಿನ್ನ ಹಿತವನ್ನೇ ಬಯಸುವ,
ಮಾವ ಕೊರಗಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ದಿನ ಫೋನ್ ತಾನಾಗಿ ಕಟ್ಟಾದದ್ದಲ್ಲ. ತೃಷಾ ಕೀರ್ತನ್‌ನ ತೊಡೆ ಹತ್ತಿ ಬಂದು ನಿನ್ನ ಅತ್ತೆಯನ್ನು ನೋಡಿ, “ಡ್ಯಾಡಿ, ಹೂ ಈಸ್ ದಟ್ ಲೇಡಿ?” ಎಂದು ಕೇಳಿತು. “ಗ್ರ್ಯಾಂಡ್‌ಮಾ, ಬೇಬಿ” ಎಂದ ಅವನು. “ನೋ, ಗ್ರ್ಯಾಂಡ್‌ಮಾ ಕಾರ್ಕಳದಲ್ಲಿ” ಎಂದಿತು ಮಗು. ಅವನು ಪಾಪ, ತಿದ್ದಿ ಹೇಳಲು ಬಾಯಿ ತೆರೆದ. ಲೋಲಾಕ್ಷಿ ಬೇಡವೆಂದು ತಲೆಯಾಡಿಸಿ, ನಗುತ್ತಲೇ, “ಹೌದು ಮಗಾ, ನಾನು ನಿನ್ನ ಅಮ್ಮನ ಫ್ರೆಂಡ್” ಎಂದು ಫೋನ್ ಇಟ್ಟಳು. ಕೀರ್ತನ್ ನಿನಗೆ ಹೇಳಿದ್ದಾನೋ ಇಲ್ಲವೋ. ಮಗುವಿನ ಮೇಲೆ ಸಿಟ್ಟು ಮಾಡಬೇಡ, ಅದಕ್ಕೇನು ಗೊತ್ತು? ಆಮೇಲೆ ಬಂದ ಯಾವ ಶುಕ್ರವಾರವೂ ಅವಳು ನಿಮಗೆ ಫೋನ್ ಮಾಡಿಲ್ಲ. ಕೇಳಿದರೆ, “ಮಗು ಮಲಗಿರುತ್ತದೆ” ಅನ್ನುತ್ತಾಳೆ. ಈ ಕಾಗದ ತಲುಪಿದ ಮೇಲೆ ಒಮ್ಮೆ ನೀನೇ ಫೋನ್ ಮಾಡು ಮಗಾ. ನಾನು ಬರೆದೆನೆಂದು ಹೇಳಬೇಡ.