ಹಸಿದ ಹುಳ

ಅಕ್ಕಾ,

ವಾರ್ಡಿನೊಳಗೆ ಫೋನ್ ಬಿಡುವುದಿಲ್ಲವಲ್ಲ, ಅದಕ್ಕೇ ನರ್ಸಮ್ಮನ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳಬೇಡ.

ಡಾಕ್ಟರು "ಜ್ವರ ಇಳಿದಿದೆ, ಇವತ್ತೇ ಮನೆಗೆ ಕರ್ಕೊಂಡು ಹೋಗಿ" ಅಂದರಂತೆ. ಹೊರಡಬೇಡ. ಅಮ್ಮನ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಈಗ ಕೊಡುತ್ತಿರುವ ಔಷಧಿಗೆ ಸಾಯುತ್ತದೆ ಎಂದು ವರದಿ ಕೊಟ್ಟದ್ದು ನಮ್ಮ ಲ್ಯಾಬೇ. ವರದಿ ಸುಳ್ಳಲ್ಲ. ಆದರೆ ಲ್ಯಾಬಿನಲ್ಲಿ ನಾವು ಅದನ್ನು ಬೆಳೆಸುವುದು ಸತ್ವ ತುಂಬಿದ ದ್ರವದಲ್ಲಿ, ಹೊಸ ಅಳಿಯನಿಗೆ ಮಾಡುವಂಥ ಉಪಚಾರ. ತಿಂದು ಮೈಮರೆತದ್ದನ್ನು ಕೊಲ್ಲುವುದು ಸುಲಭ.

ಮನಸ್ಸು ತಡೆಯದೆ ನಿನ್ನೆ ಅಮ್ಮನ ಮೂತ್ರವನ್ನೇ ಸೋಸಿ ಅದರಲ್ಲಿ ಆ ಬ್ಯಾಕ್ಟೀರಿಯಾವನ್ನು ಬೆಳೆಸಿದೆ. ಅಲ್ಲಿ ಅದಕ್ಕೆ ಹೊಟ್ಟೆ ತುಂಬುವುದಿಲ್ಲ. ಹಸಿದಾಗ ಅದು ಮುಚ್ಚಿಟ್ಟಿದ್ದ ಜೀನ್‌ಗಳನ್ನು ತೆರೆಯುತ್ತದೆ, ಬೇರೆಯೇ ಪ್ರಾಣಿಯಾಗುತ್ತದೆ. ಅದೇ ಔಷಧಿಯನ್ನು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಕೊಳವೆಯ ತುಂಬ ಹಾಲು ಕದಡಿದಂತೆ ಬೆಳೆದು ನಿಂತಿತ್ತು.

ಜ್ವರ ಇಳಿದದ್ದು ನನಗೆ ಧೈರ್ಯ ಕೊಡುತ್ತಿಲ್ಲ ಅಕ್ಕಾ. ಔಷಧಿ ಬದಲಿಸುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ. ಡಾಕ್ಟರನ್ನು ಒಂದು ಗಳಿಗೆ ಹೊರಗೆ ಕಳಿಸು, ನಾನೇ ಮಾತಾಡುತ್ತೇನೆ.

ಬಾಗಿಲ ಗಾಜಿನಾಚೆಯೇ ನಿಂತಿದ್ದೇನೆ. ಈ ಕಡೆ ತಿರುಗಬೇಡ. ನೀನು ನೋಡಿದರೆ ಅಮ್ಮನೂ ನೋಡುತ್ತಾಳೆ, ನನ್ನ ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅಮ್ಮ ಎಂದಿನಂತೆ ನನ್ನ ಲ್ಯಾಬಿನ ಕೆಲಸದ ಬಗ್ಗೆ "ಅವ್ಳು ಹುಳಗಳಿಗೆ ಊಟ ಹಾಕಿದ್ಲಂತಾ?" ಎಂದು ನಗುತ್ತಾ ಕೇಳಿದರೆ, "ಹಾಕಿದ್ಲಂತೆ" ಅನ್ನು. ಯಾವ ಹುಳಕ್ಕೆ ಅಂತ ಮಾತ್ರ ಬಾಯಿ ಬಿಡಬೇಡ.

ನಿನ್ನ ತಂಗಿ